ಕಲ್ಲು ಹೊತ್ತು ಕಟ್ಟಿಸಿಕೊಂಡ ಯೂನಿವರ್ಸಿಟಿ

"ಚಿಕ್ಕಮ್ಮಾ, ಇನ್ನೂ ಮೂರು ಕಿಲೋಮೀಟರ್ ಇದೆ. ಮಳೆ ಬೇರೆ. ನಿಜವಾಗ್ಲೂ ಇಲ್ಲೇ ಇಳಿತೀಯಾ?"

ಅಕ್ಕನ ಮಗಳು ಕೇಳುತ್ತಿರುವಾಗಲೇ ಕಿಟಕಿ ಪಕ್ಕದ ಹಳದಿ ಹಗ್ಗ ಎಳೆದುಬಿಟ್ಟೆ. ಕೆನಡಾದ ವ್ಯಾಂಕೂವರಿನ ಬಸ್ಸಿನಲ್ಲಿ ಇಳಿಯಬೇಕಾದರೆ ಹೀಗೇ ಹಗ್ಗ ಎಳೆಯಬೇಕು, ಟಿಣ್ ಅನ್ನುತ್ತದೆ. ಇಳಿಯುವವರು ಹಿಂದಿನ ಬಾಗಿಲಿನಿಂದಲೇ ಡ್ರೈವರಿಗೆ ಕೇಳುವ ಹಾಗೆ 'ಥ್ಯಾಂಕ್ಯೂ' ಎಂದು ಕೂಗುತ್ತಾರೆ. ನಾನೂ ಕೂಗಿದೆ. ಕೆಳಗಿಳಿದು ಕೊಡೆ ಬಿಚ್ಚಿದ ಎರಡೇ ನಿಮಿಷಕ್ಕೆ ಗಾಳಿ ಅದನ್ನು ಮೇಲುಕೆಳಗು ಮಾಡಿ ಒಂದು ಕಡ್ಡಿ ಮುರಿಯಿತು. ಇಲ್ಲಿಯವರು ಯಾಕೆ ಕೊಡೆ ಬಿಟ್ಟು ಟೋಪಿಯಿರುವ ಜಾಕೆಟ್ ಹಾಕಿಕೊಳ್ಳುತ್ತಾರೆ ಅಂತ ಆಗ ತಿಳಿಯಿತು.

ನಾವು ಇಳಿದದ್ದು 10ನೇ ಅವೆನ್ಯೂ ಮತ್ತು ಸ್ಯಾಸಮ್ಯಾಟ್ ರಸ್ತೆ ಸೇರುವ ಕಡೆ. 99ನೇ ನಂಬರಿನ ಬಸ್ಸು ಸೀದಾ ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಯ ಒಳಕ್ಕೇ ಹೋಗುತ್ತದೆ. ಎಲ್ಲರೂ ಚಿಕ್ಕದಾಗಿ ಯುಬಿಸಿ ಅನ್ನುತ್ತಾರೆ. ಆದರೆ 1922ರ ಅಕ್ಟೋಬರ್ 28ರಂದು, ಅರ್ಧಕ್ಕೆ ನಿಂತ ಕ್ಯಾಂಪಸ್ ಕಟ್ಟಿ ಮುಗಿಸಿ ಅಂತ ಸರಕಾರವನ್ನು ಒತ್ತಾಯಿಸಲು ಇಲ್ಲಿನ ವಿದ್ಯಾರ್ಥಿಗಳು ಟ್ರಾಮಿನಲ್ಲಿ ಇಲ್ಲಿಯವರೆಗೆ ಬಂದು, ಇಳಿದು, ಮುಂದಕ್ಕೆ ನಡೆದೇ ಹೋಗಿದ್ದರು. ಆ ದಾರಿಯನ್ನು ನಾನೂ ಒಂದು ಸಲ ನಡೆಯಬೇಕು ಅಂತ ಹಟ. ಅವಳು ಇಲ್ಲಿ ಓದುತ್ತಿರುವುದು ಎರಡನೇ ವರ್ಷ. ಒಂದು ಸಲವೂ ನಡೆದಿರಲಿಲ್ಲವಂತೆ.

ಯುಬಿಸಿ ಕಥೆ ಶುರುವಾಗುವುದು ಕಾಗದದ ಮೇಲೆ. 1908ರಲ್ಲಿ ಪ್ರಾಂತ್ಯದ ಶಾಸನಸಭೆ ಕಾಯ್ದೆ ಮಾಡಿತು. 1910ರಲ್ಲಿ ಪಾಯಿಂಟ್ ಗ್ರೇ ಎಂಬ ಈ ಭೂಶಿರವನ್ನು ಜಾಗವೆಂದು ಆರಿಸಿದರು. ಮೂರು ಕಡೆ ನೀರು, ಉಳಿದದ್ದೆಲ್ಲ ಕಾಡು. 1914ರಲ್ಲಿ ಮರ ಕಡಿದು ಸೈನ್ಸ್ ಕಟ್ಟಡದ ಕಾಂಕ್ರೀಟ್ ಚೌಕಟ್ಟು ಎಬ್ಬಿಸಿದರು. ಅಷ್ಟರಲ್ಲಿ ಮಹಾಯುದ್ಧ ಬಂತು. ದುಡ್ಡು ನಿಂತಿತು, ಕೆಲಸ ನಿಂತಿತು. ಗೋಡೆಯಿಲ್ಲದ ಆ ಅಸ್ಥಿಪಂಜರ ಎಂಟು ವರ್ಷ ಮಳೆಯಲ್ಲಿ ನೆನೆಯುತ್ತಾ ನಿಂತಿತ್ತು.

ಆದರೂ 1915ರಲ್ಲಿ ಪಾಠ ಶುರುವಾಯಿತು, ಊರೊಳಗಿನ ಫೇರ್‌ವ್ಯೂನಲ್ಲಿ. ವ್ಯಾಂಕೂವರ್ ಜನರಲ್ ಆಸ್ಪತ್ರೆಯ ಪಕ್ಕದಲ್ಲಿ, 379 ವಿದ್ಯಾರ್ಥಿಗಳಿಗೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯಕ್ಕಿಂತ ಒಂದೇ ವರ್ಷ ದೊಡ್ಡದು. ಮೈಸೂರಿನದ್ದು ಮಹಾರಾಜರು ಕೊಟ್ಟದ್ದು, ಇದು ಹುಡುಗರು ಜಗಳವಾಡಿ ತಗೊಂಡದ್ದು. ಫೇರ್‌ವ್ಯೂನ ಕಟ್ಟಡಗಳಿಗೆ 'ಶ್ಯಾಕ್ಸ್' ಅಂತಲೇ ಹೆಸರು ಬಿತ್ತು, ಗುಡಿಸಲು ಅಂತ. ಏಳು ವರ್ಷಕ್ಕೆ ವಿದ್ಯಾರ್ಥಿಗಳು ಸುಮಾರು 1,200 ಆದರು. ಕೆಲವು ಕ್ಲಾಸು ಡೇರೆಯಲ್ಲಿ, ಕೆಲವು ಚರ್ಚಿನ ನೆಲಮಾಳಿಗೆಯಲ್ಲಿ. ಮೊದಲ ಅಧ್ಯಕ್ಷ ಫ್ರಾಂಕ್ ವೆಸ್‌ಬ್ರೂಕ್ ದೊಡ್ಡ ಕನಸು ಕಂಡಿದ್ದವರು. ಯುದ್ಧ ಮುಗಿಯಲು ಮೂರು ವಾರ ಇರುವಾಗ, 1918ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪಾಯಿಂಟ್ ಗ್ರೇಯಲ್ಲಿ ಅವರು ಕಂಡದ್ದು ಆ ಚೌಕಟ್ಟು ಮಾತ್ರ.

ಬ್ಲ್ಯಾಂಕಾ ರಸ್ತೆ ದಾಟಿದ ಮೇಲೆ ಮನೆಗಳು ಮುಗಿಯುತ್ತವೆ. ಒಂದಿಷ್ಟು ದೂರ ಗಾಲ್ಫ್ ಮೈದಾನ, ದೊಡ್ಡ ದೊಡ್ಡ ಮರ. ಮಳೆ ಹೊಡೆಯುವುದಿಲ್ಲ, ಸುಮ್ನೆ ಸುರಿಯುತ್ತಿರುತ್ತದೆ, ನಮ್ಮ ತೀರ್ಥಹಳ್ಳಿಯ ಆಷಾಢದ ಹಾಗೆ. ಮೇಪಲ್ ಎಲೆ ರಸ್ತೆಬದಿಯಲ್ಲಿ ಒದ್ದೆಯಾಗಿ ಅಂಟಿಕೊಂಡು, ಕಾಲಿಟ್ಟರೆ ಜಾರುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು. ಅವಳ ಮುಖ ಊದಿಕೊಂಡಿತ್ತು. ಕ್ಯಾಂಪಸ್ಸಿನಲ್ಲಿ ಬಿಸಿ ಕಾಫಿ ಕೊಡಿಸಿದ ಮೇಲೆ ಸರಿಹೋಯಿತು.

ಕ್ಯಾಂಪಸ್ಸಿನ ನಡುಬೆನ್ನು ಮೇನ್ ಮಾಲ್. ಅಂಗಡಿಯಿರುವ ಮಾಲ್ ಅಲ್ಲ. ಎರಡೂ ಕಡೆ ಓಕ್ ಮರಗಳಿರುವ, ಉತ್ತರ ದಕ್ಷಿಣಕ್ಕೆ ಚಾಚಿದ ಅಗಲವಾದ ದಾರಿ. ಬಲಕ್ಕೆ ತಿರುಗಿದರೆ ಕೆಮಿಸ್ಟ್ರಿ ಕಟ್ಟಡ. ಬೂದು ಬಣ್ಣದ ಕಲ್ಲಿನ ಗೋಡೆ. ಎಂಟು ವರ್ಷ ಬೆತ್ತಲೆ ನಿಂತಿದ್ದ ಅಸ್ಥಿಪಂಜರ ಇದೇ! 1922ರ ಆ ದಿನ ಇಲ್ಲಿಗೆ ನಡೆದು ಬಂದ ಹುಡುಗರು ಹುಡುಗಿಯರು ಅದನ್ನು ಹತ್ತಿ, ಪ್ರತಿ ಮಹಡಿಯ ಅಂಚಿನಲ್ಲೂ ಸಾಲಾಗಿ ಕೂತು ಕೂಗು ಹಾಕಿದರು. ಆ ಫೋಟೋ ಈಗಲೂ ಇದೆ. ನೋಡಿದರೆ ಎದೆ ಝಲ್ ಅನ್ನುತ್ತದೆ. ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ.

ಬರೀ ಕೂಗಾಟ ಅಲ್ಲ. ಅದಕ್ಕೂ ಮೊದಲು ಮನೆಮನೆಗೆ ಹೋಗಿ 56 ಸಾವಿರ ಸಹಿ ಹಾಕಿಸಿದ್ದರು. ಆಗ ಇಡೀ ಪ್ರಾಂತ್ಯದ ಜನಸಂಖ್ಯೆ ಐದು ಲಕ್ಷ ಚಿಲ್ಲರೆ. ಅಂದರೆ ಕೂಸುಕುನ್ನಿ ಸೇರಿಸಿದರೂ ಹತ್ತು ಜನರಲ್ಲಿ ಒಬ್ಬರ ಸಹಿ. ಸರಕಾರ ಮಣಿಯಿತು, 15 ಲಕ್ಷ ಡಾಲರ್ ಕೊಟ್ಟಿತು. 1925ರಲ್ಲಿ ತರಗತಿಗಳು ಇಲ್ಲಿಗೆ ಬಂದವು.

ಎದುರಿಗೇ ಕಲ್ಲಿನ ಒಂದು ಗಿಡ್ಡ ಸ್ತಂಭ. ನಡೆದು ಬಂದವರು ಒಬ್ಬೊಬ್ಬರೂ ಒಂದೊಂದು ಕಲ್ಲು ಹಾಕಿ ಎಬ್ಬಿಸಿದ ಗುಪ್ಪೆ ಇದು. ಕೈಯಿಟ್ಟು ನೋಡಿದೆ. ಸಂದಿಯಲ್ಲಿ ಪಾಚಿ. ಪಕ್ಕದಲ್ಲೇ ಓಡಾಡುವ ಹುಡುಗರು ಯಾರೂ ತಿರುಗಿ ನೋಡುವುದಿಲ್ಲ. ಯಾಕೆ ನೋಡಬೇಕು, ಅವರಿಗೆ ಕ್ಲಾಸಿಗೆ ಹೊತ್ತಾಗಿತ್ತು.

"ಇಲ್ಲಿನ ಧ್ಯೇಯವಾಕ್ಯ ಗೊತ್ತಾ ಚಿಕ್ಕಮ್ಮ? ಟುಯುಮ್ ಎಸ್ಟ್. ಲ್ಯಾಟಿನ್. 'ಇದು ನಿನ್ನದು' ಅಂತ. 'ನಿನಗೆ ಬಿಟ್ಟಿದ್ದು' ಅಂತಾನೂ ಹೇಳ್ತಾರೆ. ಪರೀಕ್ಷೆ ಟೈಮಲ್ಲಿ ನಾವು ಹೇಳೋದು, ನಿನ್ನ ಪಾಡು ನಿಂದು."

ಹಳೇ ಲೈಬ್ರರಿಯ ನಡುಭಾಗ 1925ರದ್ದು. ಅದನ್ನು ಉಳಿಸಿಕೊಂಡು ಸುತ್ತ ಇರ್ವಿಂಗ್ ಬಾರ್ಬರ್ ಹೆಸರಿನ ಹೊಸ ಸೆಂಟರ್ ಕಟ್ಟಿದ್ದಾರೆ. ಹಳೇ ಗೋಡೆಯ ಮೇಲೆ ಎರಡು ಪುಟ್ಟ ಕಲ್ಲಿನ ಗೊಂಬೆಗಳಿವೆ. ಒಂದು ಕೋತಿ, ಇನ್ನೊಂದು ಗಡ್ಡದ ಮುದುಕ. ಕೋತಿಯ ಕೈಯ ಸುರುಳಿಯಲ್ಲಿ 'ಎವೊಲ್ಯೂಟ್', ಅಂದರೆ ವಿಕಾಸವಾದ. ಮುದುಕನದ್ದರಲ್ಲಿ 'ಫಂಡಾ', ಅಂದರೆ ಅದನ್ನು ಒಪ್ಪದ ಧಾರ್ಮಿಕ ಮೂಲಭೂತವಾದ. ಅದೇ 1925ರಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ವಿಕಾಸವಾದ ಕಲಿಸಿದ ಮೇಷ್ಟ್ರ ಮೇಲೆ ಕೇಸು ನಡೆದಿತ್ತು. ಕಲ್ಲುಕುಟಿಗರಿಗೂ ತಮಾಷೆ ಮಾಡುವ ಮನಸ್ಸಾಗಿರಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇದು ಒಮ್ಮೆಗೇ ಉಬ್ಬಿತು. ಸೈನ್ಯದಿಂದ ಬಿಡುಗಡೆಯಾದವರಿಗೆ ಸರಕಾರ ಓದಿನ ಖರ್ಚು ಕೊಟ್ಟಿತು. ಮೂರು ಸಾವಿರದಷ್ಟಿದ್ದ ವಿದ್ಯಾರ್ಥಿಗಳು ಕೆಲವೇ ವರ್ಷದಲ್ಲಿ ಒಂಬತ್ತು ಸಾವಿರ ದಾಟಿದರು. ಖಾಲಿಯಾದ ಸೈನ್ಯದ ಶಿಬಿರಗಳಿಂದ ಮರದ ಶೆಡ್ಡುಗಳನ್ನು ತಂದು ನಿಲ್ಲಿಸಿ ಅದರಲ್ಲೇ ಪಾಠ. ಮತ್ತೆ ಗುಡಿಸಲು! ಈಗ ಇಲ್ಲೇ ಸುಮಾರು 60 ಸಾವಿರ ಜನ ಓದುತ್ತಾರೆ. 2005ರಿಂದ ಕೆಲೋನಾದಲ್ಲಿ ಎರಡನೇ ಕ್ಯಾಂಪಸ್ಸೂ ಇದೆ.

ಉತ್ತರದ ತುದಿಯಲ್ಲಿ ಗುಲಾಬಿ ತೋಟ. ಅಲ್ಲಿಂದ ಸಮುದ್ರ, ಹಿಂದೆ ಹಿಮದ ಬೆಟ್ಟ ಅಂತ ಎಲ್ಲರೂ ಹೊಗಳಿದ್ದರು. ನನಗೆ ಸಿಕ್ಕಿದ್ದು ಮೋಡ. ಸೈನ್ಸ್ ಕಟ್ಟಡದ ಕೆಲಸ ಶುರುವಾದ 1914ರಲ್ಲೇ ಈ ನೀರಿನ ಮೇಲೆ ಕೊಮಗಾತ ಮಾರು ಹಡಗು ಬಂದದ್ದು. 376 ಪ್ರಯಾಣಿಕರು, ಬಹುಪಾಲು ಪಂಜಾಬಿನವರು. ಎರಡು ತಿಂಗಳು ಬಂದರಿನಲ್ಲೇ ನಿಲ್ಲಿಸಿ ಬಹುತೇಕ ಎಲ್ಲರನ್ನೂ ವಾಪಸ್ಸು ಅಟ್ಟಿದರು. ಈ ಪ್ರಾಂತ್ಯದಲ್ಲಿ ಭಾರತೀಯರಿಗೆ ಮತ ಹಾಕುವ ಹಕ್ಕು ಸಿಕ್ಕಿದ್ದು 1947ರಲ್ಲಿ. ಆಮೇಲೆ ಐದು ವರ್ಷಕ್ಕೆ ವಿಜ್ಞಾನಿ ಹರಗೋಬಿಂದ್ ಖೊರಾನಾ ಇದೇ ಕ್ಯಾಂಪಸ್ಸಿನ ಒಂದು ಪ್ರಯೋಗಾಲಯಕ್ಕೆ ಬಂದರು. 1960ರವರೆಗೆ ಇದ್ದರು, 1968ರಲ್ಲಿ ನೊಬೆಲ್ ಬಂತು. ಅವರ ಜೊತೆ ಕೆಲಸ ಮಾಡಲು 1956ರಲ್ಲಿ ಬಂದ ಮೈಕಲ್ ಸ್ಮಿತ್ ಕೊನೆಗೆ ಇಲ್ಲೇ ನೆಲೆಸಿದರು. ಅವರಿಗೂ 1993ರಲ್ಲಿ ನೊಬೆಲ್. ಬಂದ ದುಡ್ಡನ್ನು ಅವರು ಹಂಚಿಬಿಟ್ಟರು.

ಒಳಗೆ ಬಿಟ್ಟುಕೊಂಡವರನ್ನು ಹೊರಗೆ ಹಾಕಿದ್ದೂ ಉಂಟು. 1942ರಲ್ಲಿ ಜಪಾನಿ ಮೂಲದವರನ್ನೆಲ್ಲ ಕರಾವಳಿಯಿಂದ ಎತ್ತಂಗಡಿ ಮಾಡಿದಾಗ ಇಲ್ಲಿನ 76 ವಿದ್ಯಾರ್ಥಿಗಳೂ ಓದು ಬಿಟ್ಟು ಹೋಗಬೇಕಾಯಿತು. ಯೂನಿವರ್ಸಿಟಿ ಅವರ ಪರ ನಿಲ್ಲಲಿಲ್ಲ. ಎಪ್ಪತ್ತು ವರ್ಷವಾದ ಮೇಲೆ, 2012ರಲ್ಲಿ, ಕರೆದು ಗೌರವ ಪದವಿ ಕೊಟ್ಟರು. ಎಷ್ಟೋ ಜನ ಅಷ್ಟರಲ್ಲಿ ತೀರಿಕೊಂಡಿದ್ದರು. 1922ರ ನಡಿಗೆಯ ಕಥೆ ಕೇಳಿ ಹಿಗ್ಗಿದವರು ಇದನ್ನೂ ಕೇಳಿಸಿಕೊಳ್ಳಬೇಕು ಅಲ್ವಾ?

ವಾಪಸ್ಸು ಅದೇ ಮೇನ್ ಮಾಲ್‌ನಲ್ಲಿ ದಕ್ಷಿಣಕ್ಕೆ ನಡೆದೆವು. ರಸ್ತೆಯ ಹೆಸರಿನ ಫಲಕಗಳಲ್ಲಿ ಇಂಗ್ಲಿಷ್ ಜೊತೆ ನನಗೆ ಓದಲು ಬಾರದ ಅಕ್ಷರಗಳು. ಮಸ್ಕ್ವಿಯಂ ಜನರ ಭಾಷೆ ಅದು. ಈ ನೆಲ ಅವರದ್ದು. ಅವರು ಯಾವತ್ತೂ ಯಾರಿಗೂ ಬರೆದುಕೊಟ್ಟದ್ದಲ್ಲ.

ಇನ್ನೂ ಮುಂದೆ 17 ಮೀಟರ್ ಎತ್ತರದ ಕೆತ್ತನೆಯ ಕಂಬ. 800 ವರ್ಷದ ಕೆಂಪು ಸೀಡರ್ ಮರದ್ದು. ಹೈಡಾ ಜನಾಂಗದ ಶಿಲ್ಪಿ ಜೇಮ್ಸ್ ಹಾರ್ಟ್ ಕೆತ್ತಿದ್ದು, 2017ರ ಏಪ್ರಿಲ್ 1ರಂದು ಜನರೇ ಹಗ್ಗ ಹಿಡಿದು ಎತ್ತಿ ನಿಲ್ಲಿಸಿದ್ದು. ಕಂಬದ ನಡುಭಾಗದಲ್ಲಿ ಒಂದು ಶಾಲೆಯ ಕೆತ್ತನೆ. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಕಿತ್ತುಕೊಂಡು ಹೋಗಿ ಇಟ್ಟಿದ್ದ ವಸತಿ ಶಾಲೆ. ಅದರ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡ ಮಕ್ಕಳು. ಅವರಿಗೆ ಪಾದಗಳಿಲ್ಲ. ಕಾಲೂರಲು ನೆಲವೇ ಇರಲಿಲ್ಲ ಅಂತ. 2018ರಲ್ಲಿ ಆಗಿನ ಅಧ್ಯಕ್ಷ ಸಾಂಟಾ ಓನೊ ಆ ಶಾಲೆಗಳ ವ್ಯವಸ್ಥೆಯಲ್ಲಿ ಯೂನಿವರ್ಸಿಟಿಗಿದ್ದ ಪಾಲಿಗೆ ಕ್ಷಮೆ ಕೇಳಿದರು.

ಹತ್ತಿರ ಹೋದಾಗ ಮೊಳೆಗಳು ಕಂಡವು. ತಾಮ್ರದ ಮೊಳೆಗಳು, ಸಾವಿರಾರು, ತಲೆಗೆ ತಲೆ ತಾಗುವ ಹಾಗೆ. ಆ ಶಾಲೆಗಳಲ್ಲಿ ಸತ್ತ ಒಂದೊಂದು ಮಗುವಿಗೆ ಒಂದೊಂದು. ಅಲ್ಲಿಂದ ಬದುಕಿ ಬಂದವರು, ಅವರ ಮನೆಯವರು, ಶಾಲೆಮಕ್ಕಳು ಸುತ್ತಿಗೆ ಹಿಡಿದು ಹೊಡೆದದ್ದು. ಒಂದು ಸಾಲು ಹಿಡಿದು ಎಣಿಸಲು ಶುರುಮಾಡಿದೆ. ಮೂವತ್ತಾರೋ ಮೂವತ್ತೇಳೋ ಆಗುವಾಗ ಕನ್ನಡಕಕ್ಕೆ ಮಳೆನೀರು ಬಿದ್ದು ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದೆ.

"ಚಿಕ್ಕಮ್ಮ, ನನಗೆ ಎರಡೂವರೆಗೆ ಲ್ಯಾಬ್ ಇದೆ," ಅಂದಳು.

"ನೀನು ಹೋಗು. ನಾನು ಬಸ್‌ಸ್ಟಾಪಿಗೆ ಬರ್ತೀನಿ."

ತನ್ನ ಜಾಕೆಟ್ಟಿನ ಟೋಪಿ ಎಳೆದುಕೊಂಡು ಓಡಿದಳು. ಮುರಿದ ಕೊಡೆ ನನ್ನ ಹತ್ತಿರವೇ ಉಳಿಯಿತು.