ಗೊತ್ತಿದ್ರೆ ಹೇಳ್ತಿದ್ದೆ ಅಕ್ಕಾ

"ಮೀನು ಸಾಕಿದೀರಿ ಅಂತ ಗೊತ್ತಿದ್ರೆ ಹೇಳ್ತಿದ್ದೆ ಅಕ್ಕಾ."

ಸೋಮವಾರ ಬೆಳಿಗ್ಗೆ ನೀರು ಬಿಡುವ ಅಣ್ಣ ಗೇಟಿನ ಹತ್ತಿರ ನಿಂತು ಹೇಳಿದ ಮಾತು. ಅನ್ನಕ್ಕಿಡುವಾಗಲೂ ಅದೇ ನೆನಪು, ರಾತ್ರಿ ದೀಪ ಆರಿಸುವಾಗಲೂ ಅದೇ.

ಭಾನುವಾರ ನಮ್ಮ ಕೆಂಪಿ ಸತ್ತಿತು. ಮೂರು ವರ್ಷದ ಗೋಲ್ಡ್ ಫಿಶ್. ಮಗಳು ಒಂದನೇ ಕ್ಲಾಸಿಗೆ ಸೇರಿದ ವಾರ ತಂದಿದ್ದು. ಜೊತೆಗೆ ಚುಕ್ಕಿ, ಬೆಳ್ಳಿ.

ಮೀನಿನ ಟ್ಯಾಂಕಿನ ನೀರು ಬದಲಿಸುವಾಗ ಸಾಮಾನ್ಯವಾಗಿ ಹಿಂದಿನ ರಾತ್ರಿಯೇ ಎರಡು ಬಕೆಟ್ ನೀರು ಹಿಡಿದು ಮುಚ್ಚದೆ ಇಡುತ್ತೇನೆ. ಬೆಳಿಗ್ಗೆಯ ಹೊತ್ತಿಗೆ ಕ್ಲೋರಿನ್ ಬಹುಪಾಲು ಹಾರಿಹೋಗಿರುತ್ತದೆ. ಈ ಸಲ ಅತ್ತೆ ಊರಿಂದ ಬರುವವರಿದ್ದರು. ಟ್ಯಾಂಕು ಕೊಳಕಾಗಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು. ಕಾಲು ಭಾಗ ತಾನೇ ಅಂತ ನೇರವಾಗಿ ಹಿಡಿದು ಸುರಿದೆ. ಹಿಂದೆಯೂ ಒಂದೆರಡು ಸಲ ಹಾಗೆ ಮಾಡಿದ್ದೆ, ಏನೂ ಆಗಿರಲಿಲ್ಲ. ನಮ್ಮದು ಪೈಪ್‌ಲೈನಿನ ಕೊನೆಯ ಬೀದಿ. ಇಲ್ಲಿಗೆ ಬರುವಷ್ಟರಲ್ಲಿ ಕ್ಲೋರಿನ್ ಸವೆದುಹೋಗಿರುತ್ತದೆ.

ಹತ್ತು ನಿಮಿಷವೂ ಆಗಿರಲಿಲ್ಲ, ಮಗಳು ಕೂಗಿದಳು. ಮೂರೂ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಕಿವಿರು ಪಟಪಟ ಹೊಡೆದುಕೊಳ್ಳುತ್ತಿತ್ತು. ಆಗ ನನ್ನ ಮೂಗಿಗೆ ಬಡಿಯಿತು, ಬ್ಲೀಚಿಂಗ್ ಪೌಡರ್ ವಾಸನೆ. ಸುರಿಯುವಾಗ ಅದು ಹೇಗೆ ಗೊತ್ತಾಗಲಿಲ್ಲವೋ.

ಮೀನಿನಂಗಡಿ ಹುಡುಗನಿಗೆ ಫೋನ್ ಮಾಡಿದೆ. "ಆಂಟಿ, ಹೈಪೋ ಇದೆಯಾ?" ಕ್ಲೋರಿನ್ ತೆಗೆಯುವ ಹರಳು ಅದು. ಇರಲಿಲ್ಲ. "ಹಾಗಾದ್ರೆ ನಿನ್ನೆಯ ನೀರಿಗೆ ಹಾಕಿ, ಏರ್ ಪಂಪ್ ಬಿಡಿ, ಬೇಗ." ಇಪ್ಪತ್ತು ವರ್ಷದ ಹುಡುಗ, ಗಾಬರಿಯಾಗದೆ ಹೇಳಿದ. ಬಚ್ಚಲಿನ ಡ್ರಮ್ಮಿನಲ್ಲಿ ಹಿಂದಿನ ದಿನದ ನೀರಿತ್ತು. ಚುಕ್ಕಿ, ಬೆಳ್ಳಿ ಉಳಿದುಕೊಂಡವು. ಕೆಂಪಿ ಸಂಜೆಯವರೆಗೆ ಪಕ್ಕಕ್ಕೆ ವಾಲಿಕೊಂಡೇ ಇತ್ತು, ಆಮೇಲೆ ನಿಂತುಬಿಟ್ಟಿತು. ಪಕ್ಕದ ಮನೆಯವರು ಬಂದು "40 ರೂಪಾಯಿ ಮೀನಿಗೆ ಇಷ್ಟೊಂದಾ?" ಅಂದರು. ಕೆಟ್ಟವರಲ್ಲ, ಕಷ್ಟಕ್ಕೆ ಮೊದಲು ಓಡಿಬರುವವರೇ ಅವರು. ಆದರೆ ಮಗಳು ಅಲ್ಲೇ ನಿಂತಿದ್ದಳು. ಅವಳ ಮುಂದೆ ಆ ಮಾತು ಆಡಬಾರದಿತ್ತು.

ಸೋಮವಾರ ಕೋಪದಲ್ಲೇ ಗೇಟಿಗೆ ಹೋದೆ. ನೀರು ಬಿಡುವ ಅಣ್ಣ ವಾಲ್ವ್ ತಿರುಗಿಸುತ್ತಿದ್ದರು. ಏನು ಹಾಕಿದ್ದೀರಿ ನೀರಿಗೆ ಅಂತ ಕೇಳಿದೆ. ಅವರು ಜಗಳ ಆಡಲಿಲ್ಲ. ಚೀಲದಿಂದ ಪುಟ್ಟ ಡಬ್ಬಿ ತೆಗೆದರು. ನಮ್ಮ ನಲ್ಲಿಯ ನೀರನ್ನೇ ಗಾಜಿನ ಕೊಳವೆಯಲ್ಲಿ ಹಿಡಿದು, ಎರಡು ಹನಿ ಔಷಧಿ ಬಿಟ್ಟು ಅಲುಗಿಸಿದರು. ನೀರು ಅರಿಶಿನದ ಹಾಗೆ ಹಳದಿಯಾಯಿತು. ಹಳದಿ ಜಾಸ್ತಿ ಇದ್ದಷ್ಟೂ ಕ್ಲೋರಿನ್ ಜಾಸ್ತಿ ಅಂತೆ.

"ಮಳೆಗೆ ಹೊಳೆ ಕೆಂಪಾಗಿದೆ ಅಕ್ಕಾ. ಡೋಸ್ ಏರಿಸಿದಾರೆ. ಕಮ್ಮಿ ಮಾಡಿದ್ರೆ ಮಕ್ಕಳಿಗೆ ವಾಂತಿಭೇದಿ ಶುರು." ಆಮೇಲೆ ಟ್ಯಾಂಕಿನ ಕಡೆ ಇಣುಕಿ ನೋಡಿ ಆ ಮಾತು ಹೇಳಿದರು. ಗೊತ್ತಿದ್ರೆ ಹೇಳ್ತಿದ್ದೆ ಅಕ್ಕಾ.

ಅವರು ಹೇಳಿದ್ದು ಸರಿ. ಹೊಸ ಮಳೆಯ ನೀರಿನಲ್ಲಿ ಮಣ್ಣು, ಕೊಳೆತ ಎಲೆ ಜಾಸ್ತಿ. ಅವೇ ಕ್ಲೋರಿನ್ನನ್ನು ತಿಂದುಹಾಕುತ್ತವೆ. ಹಾಗಾಗಿ ಜಾಸ್ತಿ ಹಾಕಲೇಬೇಕು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ ಕಡಿಮೆ ಅಂದರೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅಮೆರಿಕದಲ್ಲಿ ಹೊಳೆಯ ಜೀವಿಗಳಿಗೆ ಇಟ್ಟಿರುವ ಮಿತಿ 0.019. ನಮ್ಮ ಮಕ್ಕಳನ್ನು ಕಾಯುವ ನೀರಿನ ಹತ್ತನೇ ಒಂದು ಭಾಗದಷ್ಟು ಕ್ಲೋರಿನ್ ಕೂಡ ಕಿವಿರನ್ನು ಸುಡಬಹುದು. ಅಷ್ಟೇ ಅಲ್ಲ, ಫಿಲ್ಟರಿನ ಸ್ಪಂಜಿನಲ್ಲಿ ಬೆಳೆದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಮೀನಿನ ಹೊಲಸಿನ ಅಮೋನಿಯಾ ಆಗ ಹಾಗೇ ಉಳಿಯುತ್ತದೆ. ಅದಕ್ಕೇ ಈ ವಾರವಿಡೀ ಚುಕ್ಕಿ, ಬೆಳ್ಳಿಗೆ ಚಿಟಿಕೆಯಷ್ಟೇ ಆಹಾರ ಹಾಕುತ್ತಿದ್ದೇನೆ.

ಹೈಪೋ ತಂದಿಟ್ಟಿದ್ದೇನೆ. ಹಿಂದೆ ಸ್ಟುಡಿಯೋದವರು ಫೋಟೋ ತೊಳೆಯುವಾಗ ಬಳಸುತ್ತಿದ್ದರಲ್ಲ, ಅದೇ ಹರಳು. ಬಕೆಟ್ಟಿಗೆ ನಾಲ್ಕೈದು ಸಣ್ಣ ಹರಳು ಹಾಕಿ ಕದಡಿದರೆ ಕ್ಲೋರಿನ್ ಹೋಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿರುವ ತಂಗಿಗೆ ಹೇಳಿಕೊಂಡೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2004ರಲ್ಲಿ ಪೈಪಿನ ನೀರಿಗೆ ಕ್ಲೋರಿನ್ ಬದಲು ಕ್ಲೋರಮಿನ್, ಅಂದರೆ ಕ್ಲೋರಿನ್ನಿಗೆ ಅಮೋನಿಯಾ ಸೇರಿಸಿದ್ದು, ಹಾಕಲು ಶುರು ಮಾಡಿದರಂತೆ. ಅದು ರಾತ್ರಿ ಬಕೆಟ್ಟಿನಲ್ಲಿಟ್ಟರೆ ಹಾರಿಹೋಗುವಂಥದ್ದಲ್ಲ. ಆಗ ಮೀನು ಸಾಕುವವರಿಗೂ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೂ ಮುಂಚೆಯೇ ಹೇಳಿದ್ದರಂತೆ. ಮೀನಿನ ಕಿವಿರಿನಂತೆ ಡಯಾಲಿಸಿಸ್‌ನಲ್ಲೂ ನೀರಿಗೂ ರಕ್ತಕ್ಕೂ ನಡುವೆ ಇರುವುದು ತೆಳು ಪೊರೆ ಮಾತ್ರ. ನೀರನ್ನು ಶುದ್ಧ ಮಾಡದಿದ್ದರೆ ಕ್ಲೋರಮಿನ್ ರಕ್ತಕ್ಕೆ ಸೇರಿ ಕೆಂಪು ಕಣಗಳನ್ನೇ ಒಡೆಯುತ್ತದೆ.

ನಮ್ಮಲ್ಲಿ ನೀರು ಯಾವಾಗ ಬರುತ್ತದೆ ಅಂತ ಆಟೋದಲ್ಲಿ ಕೂಗಿ ಹೇಳುತ್ತಾರೆ. ವಾಟ್ಸಾಪ್‌ನಲ್ಲೂ ಬರುತ್ತದೆ. ಡೋಸ್ ಏರಿದೆ ಅಂತ ಅದರಲ್ಲೇ ಒಂದು ಸಾಲು ಸೇರಿಸಲು ಎಷ್ಟು ಹೊತ್ತು ಬೇಕು? ಆದರೆ ನಾನೂ ಕೇಳಿರಲಿಲ್ಲ. ಮೂರು ವರ್ಷ ಆ ಅಣ್ಣ ನಮ್ಮ ಗೇಟಿನ ಮುಂದೆಯೇ ಬಗ್ಗಿ ವಾಲ್ವ್ ತಿರುಗಿಸಿದ್ದಾರೆ. "ಯಾಕೆ ಇನ್ನೂ ನೀರು ಬಂದಿಲ್ಲ" ಅನ್ನುವುದು ಬಿಟ್ಟರೆ ಅವರ ಹತ್ತಿರ ಇನ್ನೊಂದು ಮಾತು ಆಡಿದ ನೆನಪು ನನಗಿಲ್ಲ. ನಮ್ಮ ನೀರಿನ ದಿನದಿನದ ಸ್ಥಿತಿ ಈ ಬೀದಿಯಲ್ಲಿ ಗೊತ್ತಿರುವುದು ಅವರೊಬ್ಬರಿಗೇ.

ಹೊರಡುವಾಗ ಅವರು ನನ್ನ ನಂಬರ್ ಬರೆದುಕೊಂಡರು. "ಬೇರೆ ಯಾರ ಮನೇಲಿದೆ ಮೀನು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಮಗಳು ನೋಟ್‌ಬುಕ್ ಹಿಡಿದು ಬೀದಿ ಸುತ್ತಿ ಬಂದಳು. ನಾಲ್ಕು ಮನೆ ಸಿಕ್ಕಿವೆ. ಕೊನೆಯ ಮನೆ ತಾತ ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ಸಾಕಿದ್ದಾರೆ ಅಂತ ಯಾರೋ ಹೇಳಿದರಂತೆ. ಅವರಿಗೆ ಕಿವಿ ಸ್ವಲ್ಪ ಮಂದ. ಇವತ್ತು ಸಂಜೆ ನಾವಿಬ್ಬರೂ ಹೋಗಿ ಕೇಳಿಕೊಂಡು ಬರುತ್ತೇವೆ.