ಅಣ್ಣ ಸುಳ್ಳು ಹೇಳುತ್ತಿರಲಿಲ್ಲ

ಕಳೆದ ಭಾನುವಾರ ಅಣ್ಣ ಕಟಿಂಗ್ ಮಾಡಿಸಿಕೊಂಡು ಬರ್ತೀನಿ ಅಂತ ಹೊರಟ. ಅಂಗಡಿ ನಮ್ಮ ಮನೆಯಿಂದ ನಾಲ್ಕನೇ ಬಾಗಿಲು, ಹನುಮಂತನಗರದ ಇಳಿಜಾರಿನಲ್ಲೇ. ಕಾಲು ಗಂಟೆಗೆ ವಾಪಸ್ ಬಂದು ತನ್ನ ಕುರ್ಚಿಯಲ್ಲಿ ಕೂತ.

"ಆಯ್ತಾ ಅಣ್ಣ?"

"ಆಯ್ತು ಪುಟ್ಟಿ. ಭಾನುವಾರ ನೋಡು, ಸಿಕ್ಕಾಪಟ್ಟೆ ರಶ್ಶು. ನೂರು ರೂಪಾಯಿ ಕೊಟ್ಟು ಬಂದೆ."

ಕೂದಲು ಕಿವಿ ಮೇಲೆ ಹಾಗೇ ಇಳಿಬಿದ್ದಿತ್ತು. ನೂರರ ನೋಟು ಜೇಬಿನಲ್ಲೇ ಇತ್ತು. ನಡೆದದ್ದೇನು ಅಂತ ಮಹಡಿ ಮನೆಯ ಹುಡುಗ ಆಮೇಲೆ ಹೇಳಿದ. ಅಣ್ಣ ತೂರಾಡಿಕೊಂಡು ಮೆಟ್ಟಿಲು ಹತ್ತಿದ್ದನ್ನು ನೋಡಿ ಅಂಗಡಿಯವರು, "ಇಳಿದ ಮೇಲೆ ಬನ್ನಿ ಯಜಮಾನ್ರೆ" ಅಂತ ಬಾಗಿಲಲ್ಲೇ ತಡೆದು ಕಳಿಸಿದ್ದರಂತೆ.

ಅಣ್ಣ ಎಣ್ಣೆ ಮುಟ್ಟಿದ್ದು 2022ರ ನವೆಂಬರ್‌ನಲ್ಲಿ ಕೊನೆ. ಆಮೇಲೆ ಒಂದು ಹನಿಯೂ ಇಲ್ಲ. ಆದರೂ ಅವನ ನಡಿಗೆ ಕುಡಿದವರ ನಡಿಗೆಯ ಹಾಗೇ ಉಳಿದುಬಿಟ್ಟಿದೆ. ಆ ಅವಮಾನ ಅವನಿಗೆ ಹತ್ತು ನಿಮಿಷವೂ ನೆನಪಿರಲಿಲ್ಲ. ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತಿದೆ.

ಅಣ್ಣನಿಗೀಗ ಐವತ್ತನಾಲ್ಕು. ಹದಿನೇಳನೇ ವಯಸ್ಸಿಗೇ ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಿಗೆ ಸೇರಿ ಲಗ್ನಪತ್ರಿಕೆಗಳಿಗೆ ಮೊಳೆ ಜೋಡಿಸುತ್ತಿದ್ದ. ಅಚ್ಚಿನ ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದಲ್ಲ, ಅದನ್ನು ಅವನು ನಾವು ಪೇಪರ್ ಓದುವಷ್ಟೇ ಸಲೀಸಾಗಿ ಓದುತ್ತಿದ್ದ. ಆಫ್‌ಸೆಟ್ ಬಂತು, ಮೊಳೆಗಳು ತೂಕಕ್ಕೆ ಹೋದವು, ಅಣ್ಣ ಮೆಷಿನ್ ಮ್ಯಾನ್ ಆದ. ಕುಡಿತ ಯಾವಾಗ ಶುರುವಾಯಿತೋ ನಮಗೆ ತಿಳಿಯಲಿಲ್ಲ. ಕೊನೆಕೊನೆಗೆ ಬೆಳಿಗ್ಗೆಯೇ ಒಂದು ಕ್ವಾರ್ಟರ್, ಊಟವೇ ಇಲ್ಲ. ಅತ್ತಿಗೆ ಮಗಳನ್ನು ಕರೆದುಕೊಂಡು ತುಮಕೂರಿನ ತವರಿಗೆ ಹೋದರು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಆ ವರ್ಷ ಮಾಲೆ ಹಾಕ್ತೀನಿ ಅಂತ ಹಟ ಹಿಡಿದು, ಅಯ್ಯಪ್ಪನ ಮೇಲೆ ಆಣೆ ಇಟ್ಟು, ಒಂದೇ ದಿನದಲ್ಲಿ ಪೂರ್ತಿ ನಿಲ್ಲಿಸಿದ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ದಿನಾ ವಿಪರೀತ ಕುಡಿಯುವವರು ಹೀಗೆ ಏಕಾಏಕಿ ಬಿಟ್ಟರೆ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಇಲ್ಲದ್ದು ಕಾಣಿಸುವುದು ಎಲ್ಲ ಬರಬಹುದು, ಕೆಲವೊಮ್ಮೆ ಜೀವಕ್ಕೇ ಅಪಾಯ, ಡಾಕ್ಟರ ಕೈಕೆಳಗೇ ಬಿಡಿಸಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಮೂರನೇ ದಿನ ವಾಂತಿ, ಕೈ ನಡುಕ. ಹತ್ತಿರದ ನರ್ಸಿಂಗ್ ಹೋಮ್‌ಗೆ ಸೇರಿಸಿದೆವು. ಸುಸ್ತಿಗೆ ಅಂತ ಬಾಟಲಿ ಮೇಲೆ ಬಾಟಲಿ ಗ್ಲೂಕೋಸ್ ಏರಿಸಿದರು. ಐದನೇ ದಿನ ಅವನ ಕಣ್ಣುಗುಡ್ಡೆಗಳು ಅತ್ತಿತ್ತ ಅದುರುತ್ತಿದ್ದವು. ಎದ್ದು ನಿಂತರೆ ಕಾಲು ನಿಲ್ಲದು. ನನ್ನನ್ನು ನೋಡಿ "ಚಿಕ್ಕಮ್ಮ ಯಾವಾಗ ಬಂದ್ರಿ?" ಅಂದ. "ಕುಡಿತ ಇಳೀತಾ ಇದೆ, ಸರಿಹೋಗ್ತಾರೆ" ಅಂತ ಮನೆಗೆ ಕಳಿಸಿದರು.

ಆಮೇಲಿನ ಎರಡು ತಿಂಗಳು ನಾನು ಮಾಡಿದ್ದನ್ನು ಬರೆಯುವುದು ಕಷ್ಟ. ಇಡೀ ದಿನ ಮನೆಯಲ್ಲೇ ಇದ್ದವನು, ಸುಲ್ತಾನ್‌ಪೇಟೆಗೆ ಹೋಗಿ ಪೇಪರ್ ಬಂಡಲ್ ಇಳಿಸಿಕೊಂಡು ಬಂದೆ ಅನ್ನುತ್ತಿದ್ದ. ಊಟ ಮಾಡಿ ಕೈ ತೊಳೆದವನೇ ಊಟ ಹಾಕು ಅನ್ನುತ್ತಿದ್ದ. ತೀರಿಕೊಂಡ ಅಪ್ಪ ಈಗ ತಾನೇ ಚಪ್ಪಲಿ ಹಾಕಿಕೊಂಡು ಹೋದರು ಅನ್ನುತ್ತಿದ್ದ. ನಾನು ಕಿರುಚುತ್ತಿದ್ದೆ: "ಇನ್ನೂ ಎಷ್ಟು ಸುಳ್ಳು ಹೇಳ್ತೀಯ? ಬಿಟ್ಟೆ ಅಂದೆಯಲ್ಲ, ಎಲ್ಲಿ ಬಚ್ಚಿಟ್ಟಿದೀಯ?" ಅವನ ಹಾಸಿಗೆ ಮಗುಚಿದೆ, ಬೀರು ಜಾಲಾಡಿದೆ, ಬಾಯಿ ಮೂಸಿದೆ. ಇಪ್ಪತ್ತು ವರ್ಷ ಅವನು ನಮಗೆ ನಿಜವಾಗಿಯೂ ಸುಳ್ಳು ಹೇಳಿದ್ದ. ಸಂಬಳದ ಬಗ್ಗೆ, ಸಾಲದ ಬಗ್ಗೆ, ಗಿರವಿಗೆ ಹೋದ ಅಮ್ಮನ ಬಳೆಯ ಬಗ್ಗೆ. ಅವನನ್ನು ನಂಬಬಾರದು ಅನ್ನುವುದು ನಮಗೆ ರೂಢಿಯಾಗಿಬಿಟ್ಟಿತ್ತು. ಕಾಯಿಲೆ ಬಂದಾಗ ಅದೂ ಅದೇ ದನಿಯಲ್ಲಿ, ಅದೇ ಮುಖದಲ್ಲಿ ಮಾತಾಡಿತು. ನಮಗೆ ಗುರುತು ಸಿಗಲಿಲ್ಲ.

ಕೊನೆಗೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ, ಬೆಳಕು ಹರಿಯುವ ಮೊದಲೇ ಹೊರಟು ಸಾಲಿನಲ್ಲಿ ನಿಂತು. ಅಲ್ಲಿನ ಡಾಕ್ಟರಮ್ಮ ಕುಡಿತದ ಬಗ್ಗೆ ಕೇಳಿದ್ದಕ್ಕಿಂತ ಊಟದ ಬಗ್ಗೆ ಕೇಳಿದ್ದೇ ಹೆಚ್ಚು. ಏನು ತಿನ್ನುತ್ತಿದ್ದರು, ಎಷ್ಟು ದಿನ ವಾಂತಿಯಾಯಿತು, ಡ್ರಿಪ್‌ಗೆ ಮುಂಚೆ ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟಿದ್ದರಾ. ಬೆರಳು ಆಡಿಸಿ ಕಣ್ಣು ನೋಡಿದರು, ನಡೆಸಿದರು. ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರು. ಅಣ್ಣ, "ನೀವೇನೂ ಹೇಳಿಲ್ವಲ್ಲ ಮೇಡಂ" ಅಂದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅವರು ಸುಳ್ಳು ಹೇಳ್ತಿಲ್ಲಮ್ಮ. ನೆನಪು ಬಿಟ್ಟುಹೋದ ಜಾಗವನ್ನ ಮಿದುಳು ತಾನೇ ತುಂಬಿಕೊಳ್ತಿದೆ. ಅವರ ಮಟ್ಟಿಗೆ ಅದೇ ನಿಜ" ಅಂದರು. ಆ ಕಾರಿಡಾರಿನಲ್ಲೇ ನನಗೆ ಅಳು ಬಂತು.

ಚೀಟಿಯಲ್ಲಿ ವೆರ್ನಿಕೆ-ಕೊರ್ಸಕಾಫ್ ಅಂತ ಬರೆದಿದ್ದರು. ರಾತ್ರಿ ಕೂತು ಹುಡುಕಿ ಓದಿದೆ. 1881ರಲ್ಲಿ ಜರ್ಮನಿಯ ಡಾಕ್ಟರ್ ಕಾರ್ಲ್ ವೆರ್ನಿಕೆ ಈ ಕಾಯಿಲೆಯ ಶುರುವಿನ ಹಂತವನ್ನು ಮೊದಲು ವಿವರಿಸಿದ್ದು ಮೂವರು ರೋಗಿಗಳಲ್ಲಿ. ಇಬ್ಬರು ಕುಡುಕರು, ಮೂರನೆಯವಳು ಬಟ್ಟೆ ಹೊಲಿಯುವ ಹುಡುಗಿ. ಆಸಿಡ್ ಕುಡಿದು ಬದುಕುಳಿದು, ವಾರಗಟ್ಟಲೆ ವಾಂತಿ ಮಾಡಿಕೊಂಡವಳು. ಆ ಹುಡುಗಿಯನ್ನು ಎಷ್ಟು ಸಲ ನೆನೆದುಕೊಂಡಿದ್ದೇನೋ. ಕಾಯಿಲೆಯ ಬೇರು ಇರುವುದು ಬಿ1, ಅಂದರೆ ಥಯಮಿನ್ ಎಂಬ ವಿಟಮಿನ್ನಿನ ಕೊರತೆಯಲ್ಲಿ. ನಮ್ಮ ದೇಹದಲ್ಲಿ ಅದರ ದಾಸ್ತಾನು ಕೆಲವೇ ವಾರಗಳಿಗಾಗುವಷ್ಟು. ಕುಡಿಯುವವನು ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದರಿಂದಲೂ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗ್ಲೂಕೋಸನ್ನು ಬಳಸಿಕೊಳ್ಳಲು ಮಿದುಳಿಗೆ ಬಿ1 ಬೇಕೇ ಬೇಕು. ಹಾಗಾಗಿ ಕೊರತೆ ಇದ್ದವರಿಗೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇನ್ನೂ ಕೆಡಬಹುದು. ಕಣ್ಣು ಅದುರುವಾಗಲೇ ರಕ್ತನಾಳಕ್ಕೆ ಬಿ1 ಕೊಟ್ಟಿದ್ದರೆ ಬಹಳಷ್ಟು ಉಳಿಯುತ್ತಿತ್ತೇನೋ. ನಿಮ್ಮ ಮನೆಯಲ್ಲಿ ಕುಡಿತ ಬಿಟ್ಟವರು, ಬಿಡುತ್ತಿರುವವರು ತೂರಾಡಿದರೆ, ಕಣ್ಣು ಅದುರಿದರೆ, ಹೊತ್ತು ಗೊತ್ತು ತಪ್ಪಿದರೆ ದಯವಿಟ್ಟು ಬಾಯಿ ಮೂಸುತ್ತಾ ಕೂರಬೇಡಿ. ಆವತ್ತೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬಿ1 ಬಗ್ಗೆ ನೀವೇ ಕೇಳಿ.

ಇಂಜೆಕ್ಷನ್ ಆಯಿತು, ಈಗ ಮಾತ್ರೆ. ಕುಡಿಯದೆ, ಹೊತ್ತಿಗೆ ಸರಿಯಾಗಿ ಉಂಡರೆ ಇದು ಬೆಳೆಯುತ್ತಾ ಹೋಗುವ ಕಾಯಿಲೆಯಲ್ಲ ಅಂದಿದ್ದಾರೆ. ಈಗ ಊಟ ಆದದ್ದು ನೆನಪಿರುತ್ತದೆ, ಏನು ಉಂಡೆ ಅನ್ನುವುದು ಇರುವುದಿಲ್ಲ. ಬಿ.ಕಾಂ ಓದುತ್ತಿರುವ ಮಗಳು ಅವನಿಗಿನ್ನೂ ನಾಲ್ಕನೇ ಕ್ಲಾಸು. ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆಗೆ ಹೋದಾಗ ಒಂದು ಸೇರು ಅವಳಿಗೆ ಅಂತ ಕಟ್ಟಿಸಿಕೊಂಡ. ಕೊರಿಯರ್ ಮಾಡಿದೆ.

ಭಾನುವಾರ ಸಂಜೆ ಅವನ ಕೈ ಹಿಡಿದುಕೊಂಡು ಅದೇ ಅಂಗಡಿಗೆ ಹೋದೆ. "ಇವರು ಕುಡಿದಿಲ್ಲ. ಎರಡು ವರ್ಷಕ್ಕೂ ಮೇಲಾಯ್ತು ಬಿಟ್ಟು. ಇದು ಕಾಯಿಲೆ" ಅಂದೆ. ಗಂಟಲು ಕಟ್ಟಿತ್ತು. ಅಂಗಡಿಯವರು ಮಾತಾಡಲಿಲ್ಲ, ಕುರ್ಚಿ ಒರೆಸಿ ತಾವೇ ರಟ್ಟೆ ಹಿಡಿದು ಕೂರಿಸಿದರು. ಹಿಂದಿನ ಗೋಡೆಯ ದರಪಟ್ಟಿ ಎದುರಿನ ಕನ್ನಡಿಯಲ್ಲಿ ತಿರುಗಾಮುರುಗಾ ಕಾಣುತ್ತಿತ್ತು. ಅಣ್ಣ ಕನ್ನಡಿ ನೋಡುತ್ತಲೇ ಗಡಗಡ ಓದಿದ: "ಕಟಿಂಗ್ ನೂರು, ಶೇವಿಂಗ್ ಅರವತ್ತು, ಮಕ್ಕಳ ಕಟಿಂಗ್ ಎಂಬತ್ತು. ಮಕ್ಕಳಕ್ಕೆ ಒತ್ತು ಬಿಟ್ಟಿದೆ, ಪ್ರೂಫ್ ಯಾರು ನೋಡಿದ್ದು?" ಅಂಗಡಿಯವರು ತಿರುಗಿ ನೋಡಿದರು. ಬೋರ್ಡಿನಲ್ಲಿ 'ಮಕಳ' ಅಂತಿತ್ತು.

ಮನೆ ಗೇಟಿನ ಹತ್ತಿರ ಅಣ್ಣ ನಿಂತ. "ಪುಟ್ಟಿ, ಇವತ್ತು ಕಟಿಂಗ್ ಮಾಡಿಸ್ಬೇಕಲ್ವಾ?" ಅವನ ಕೈಯನ್ನೇ ತೆಗೆದುಕೊಂಡು ಕತ್ತಿನ ಹಿಂದೆ ಮುಟ್ಟಿಸಿದೆ. ಬೆರಳಿಗೆ ಪೌಡರ್ ಹತ್ತಿತು. ಅದನ್ನು ಉಜ್ಜಿ ನೋಡಿಕೊಂಡು, "ಓ, ಆಗೋಗಿದೆ" ಅಂದ.