ಬಿಟ್‌ಕಾಯಿನ್ ಲೆಕ್ಕದ ಹಾಳೆ: ಚಿಲ್ಲರೆ ಬೇರೆ ಮಾಡಿದ್ದಾಯ್ತು

ಬಿಟ್‌ಕಾಯಿನ್ ವಿಳಾಸ (ಖಾತೆ ನಂಬರಿನಂಥದ್ದು) ಕೊಟ್ಟರೆ ಅದರ ಪೂರ್ತಿ ವಹಿವಾಟನ್ನು ಸಿಎಸ್‌ವಿ ಫೈಲಿಗೆ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿ) ಇಳಿಸುವ ನನ್ನ ಪೈಥಾನ್ ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಂ, ಈ ವಾರ ಒಂದು ಹದಕ್ಕೆ ಬಂತು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನಮ್ಮಣ್ಣನಿಗಾಗಿ ಶುರು ಮಾಡಿದ್ದು. ಅವನ ಆಡಿಟರ್ ಲೆಕ್ಕ ಕೇಳಿದ್ದರು. "ಯಾವತ್ತು ಎಷ್ಟು ಬಂತು, ಎಷ್ಟು ಹೋಯ್ತು, ಅಷ್ಟು ಗೊತ್ತಾದ್ರೆ ಸಾಕು ಕಣೋ" ಅಂದ ಅಣ್ಣ.

ಡೇಟಾ ತರೋದು ಸುಲಭ. ಬ್ಲಾಕ್‌ಸ್ಟ್ರೀಮ್ ಕಂಪನಿಯವರ ಎಸ್ಪ್ಲೋರಾ ಎಪಿಐ (ಪ್ರೋಗ್ರಾಂಗಳು ನೇರವಾಗಿ ಡೇಟಾ ಕೇಳುವ ದಾರಿ) ಬಳಸುತ್ತಿದ್ದೇನೆ. ಬ್ಲಾಕ್‌ಗೆ (ಬಿಟ್‌ಕಾಯಿನ್‌ನ ಸಾರ್ವಜನಿಕ ಲೆಕ್ಕದ ಪುಸ್ತಕದ ಒಂದು ಪುಟ ಇದ್ದಂತೆ) ಸೇರಿದ ವಹಿವಾಟು ಒಂದು ಸಲಕ್ಕೆ 25 ಬರುತ್ತವೆ. ಕೊನೆಯದರ ಐಡಿ ಕೊಟ್ಟು ಮುಂದಿನ 25 ಕೇಳಬೇಕು, ಖಾಲಿ ಪಟ್ಟಿ ಬಂದಾಗ ನಿಲ್ಲಿಸಬೇಕು. ಅಷ್ಟೇ.

ಕಷ್ಟ ಇರೋದು ಬಂದದ್ದನ್ನು ಓದೋದರಲ್ಲಿ. ಜಮಾ ಎಷ್ಟು, ಖರ್ಚು ಎಷ್ಟು ಅಂತ ಅದರಲ್ಲಿ ಬರೆದಿರುವುದಿಲ್ಲ. ಇನ್‌ಪುಟ್‌ಗಳು (ಒಳಗೆ ಹಾಕಿದ ಮೊತ್ತ), ಔಟ್‌ಪುಟ್‌ಗಳು (ಹೊರಗೆ ಹೋದ ಮೊತ್ತ) ಮಾತ್ರ ಇರುತ್ತವೆ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು 500ರ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತಲ್ವಾ, ಇಲ್ಲೂ ಹಾಗೇ. ಇನ್‌ಪುಟ್ ಪೂರ್ತಿ ಖರ್ಚಾಗುತ್ತದೆ, ಮಿಕ್ಕದ್ದು ಇನ್ನೊಂದು ಔಟ್‌ಪುಟ್ ಆಗಿ ನಮಗೇ ಬರುತ್ತದೆ. ಅದನ್ನು ಹೊಸ ಜಮಾ ಅಂತ ಬರೆದರೆ ಇಡೀ ಹಾಳೆ ಸುಳ್ಳಾಗುತ್ತದೆ.

ಇದನ್ನು ಪರೀಕ್ಷಿಸೋಕೆ 170ನೇ ಬ್ಲಾಕ್‌ಗಿಂತ ಒಳ್ಳೆಯದು ಸಿಗಲಿಲ್ಲ. 2009ರ ಜನವರಿ 12ರಂದು ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ ನಕಮೊಟೊ, ಹಾಲ್ ಫಿನ್ನಿ ಎಂಬ ಪ್ರೋಗ್ರಾಮರ್‌ಗೆ 10 ಬಿಟ್‌ಕಾಯಿನ್ ಕಳಿಸಿದ ವಹಿವಾಟು ಅದು. ಒಳಗೆ 50. ಹೊರಗೆ 10 ಮತ್ತು 40. ಆ 40 ಚಿಲ್ಲರೆ. ಸ್ಕ್ರಿಪ್ಟ್ ಈಗ ಸರಿಯಾಗಿ "ಹೋಗಿದ್ದು 10, ಶುಲ್ಕ 0" ಅನ್ನುತ್ತದೆ. ಅಷ್ಟು ಹಳೆಯ ಸಾಲು ನಮ್ಮ ಮನೆಯ ಲ್ಯಾಪ್‌ಟಾಪ್ ಪರದೆ ಮೇಲೆ ಮೂಡಿದ್ದು ನೋಡಿ ನಿಜವಾಗಲೂ ಖುಷಿಯಾಯ್ತು.

ಅದೇ ವಹಿವಾಟು ಇನ್ನೊಂದು ವಿಷಯ ಕಲಿಸಿತು. ಆ ಕಾಲದ ಔಟ್‌ಪುಟ್‌ಗಳು ವಿಳಾಸದ ಬದಲು ನೇರವಾಗಿ ಪಬ್ಲಿಕ್ ಕೀಗೆ (ಪಡೆಯುವವರ ಬಹಿರಂಗ ಗುರುತಿನ ಉದ್ದ ಸಂಖ್ಯೆ) ಹೋಗುತ್ತಿದ್ದವು, ಹಾಗಾಗಿ ಎಪಿಐ ಕೊಡುವ ಜೇಸನ್ ರೂಪದ ಉತ್ತರದಲ್ಲಿ ವಿಳಾಸದ ಕಾಲಮ್ಮೇ ಇರುವುದಿಲ್ಲ. ವಿಳಾಸ ಇಲ್ಲದಿದ್ದರೆ ಸ್ಕ್ರಿಪ್ಟ್‌ಪಬ್‌ಕೀ ಹೆಕ್ಸ್ (ಆ ಔಟ್‌ಪುಟ್ ಯಾರಿಗೆ ಅಂತ ಹೇಳುವ ಕೋಡ್) ನೋಡಿ ಹೋಲಿಸುವಂತೆ ಬರೆದಿದ್ದೇನೆ. ಮೊತ್ತ ಎಲ್ಲಾ ಸತೋಶಿ ಎಂಬ ಚಿಕ್ಕ ಘಟಕದಲ್ಲಿ, ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸತೋಶಿ. ಕೊನೆವರೆಗೂ ಪೂರ್ಣಾಂಕದಲ್ಲೇ ಕೂಡಿ ಕಳೆದು, ಅಚ್ಚು ಹಾಕುವಾಗ ಮಾತ್ರ ಭಾಗಿಸುತ್ತೇನೆ. ದುಡ್ಡಿನ ಲೆಕ್ಕಕ್ಕೆ ಫ್ಲೋಟ್ (ಕಂಪ್ಯೂಟರ್ ಅಂದಾಜಾಗಿ ಇಟ್ಟುಕೊಳ್ಳುವ ದಶಮಾಂಶ ಸಂಖ್ಯೆ) ಬೇಡವೇ ಬೇಡ.

ಸಮಯದ ಕಡೆ ಜಾಸ್ತಿ ಗಮನ ಬೇಕು. ಬ್ಲಾಕ್‌ನ ಸಮಯ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಣಿಸಿದ್ದು. ಮಾರ್ಚ್ 31ರ ಸಂಜೆ 6.30 ಅಂತ ಅಲ್ಲಿದ್ದರೆ, ನಮ್ಮಲ್ಲಿ ಆಗಲೇ ಏಪ್ರಿಲ್ 1, ಅಂದರೆ ಹೊಸ ಹಣಕಾಸು ವರ್ಷ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ ಇದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಯಾವ ವರ್ಷಕ್ಕೆ ಯಾವ ಸಾಲು ಅನ್ನೋದು ಆಡಿಟರ್‌ಗೆ ತುಂಬಾ ಮುಖ್ಯ.

ಮುಂದಿನ ಕೆಲಸ ದೊಡ್ಡದು. ಈಗಿನ ವ್ಯಾಲೆಟ್‌ಗಳು (ಬಿಟ್‌ಕಾಯಿನ್ ನೋಡಿಕೊಳ್ಳುವ ಆ್ಯಪ್‌ಗಳು) ಚಿಲ್ಲರೆಯನ್ನು ಪ್ರತಿ ಸಲ ಹೊಸ ವಿಳಾಸಕ್ಕೆ ಹಾಕುತ್ತವೆ. ಅಣ್ಣನ ವಿಳಾಸಗಳೆಲ್ಲ ಒಟ್ಟಿಗೆ ಗೊತ್ತಿಲ್ಲದೆ ಅವನ ಚಿಲ್ಲರೆ ಯಾವುದು, ಬೇರೆಯವರಿಗೆ ಹೋದದ್ದು ಯಾವುದು ಹೇಳೋಕೆ ಆಗಲ್ಲ. ಎಕ್ಸ್‌ಪಬ್‌ನಿಂದ (ವ್ಯಾಲೆಟ್‌ನ ಎಲ್ಲ ವಿಳಾಸ ಹುಟ್ಟಿಸಬಲ್ಲ ಮೂಲ ಪಬ್ಲಿಕ್ ಕೀ) ಆ ವಿಳಾಸಗಳನ್ನು ನನ್ನ ಲ್ಯಾಪ್‌ಟಾಪ್‌ನಲ್ಲೇ ತೆಗೆಯಬೇಕು, ಬಳಸದ 20 ವಿಳಾಸ ಸಾಲಾಗಿ ಸಿಗುವವರೆಗೆ. ಎಕ್ಸ್‌ಪಬ್ ಅನ್ನು ಯಾವ ವೆಬ್‌ಸೈಟಿಗೂ ಹಾಕಲ್ಲ. ಅದು ಸಿಕ್ಕವರು ದುಡ್ಡು ತೆಗೆಯಲಾರರು ನಿಜ, ಆದರೆ ಅವನ ಇಡೀ ಲೆಕ್ಕ ನೋಡಬಹುದು.